ಟ್ರೈಸಿಕಲ್ ಚಿತ್ರದ ಮೊಕದ್ದಮೆ: ವಿಲಿಯಂ ಎಗಲ್‌ಸ್ಟನ್ ಮತ್ತು ‘ಸೀಮಿತ ಆವೃತ್ತಿ’ಯ ಪ್ರಶ್ನೆ

2012ರ ಮಾರ್ಚ್ 12ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ ಅವರ 36 ಚಿತ್ರಗಳು ಮಾರಾಟಕ್ಕೆ ಬಂದವು. ಒಟ್ಟು ಸುಮಾರು 59 ಲಕ್ಷ ಡಾಲರ್ ಸಂಗ್ರಹವಾಯಿತು. ಆ ದಿನ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ಮಕ್ಕಳ ಮೂರು ಗಾಲಿಯ ಸೈಕಲ್ಲಿನ ಚಿತ್ರಕ್ಕೆ. 5,78,500 ಡಾಲರ್. ಎಗಲ್‌ಸ್ಟನ್ ಅದನ್ನು ತೆಗೆದು ನಾಲ್ಕು ದಶಕ ದಾಟಿತ್ತು. ಹರಾಜಿಗಿಟ್ಟ ಪ್ರತಿ ಮಾತ್ರ ಹೊಸದು: ನೆಗೆಟಿವ್ ಸ್ಕ್ಯಾನ್ ಮಾಡಿ, ಡಿಜಿಟಲ್ ಆಗಿ ಪಿಗ್ಮೆಂಟ್ ಶಾಯಿಯಲ್ಲಿ, 44 ಇಂಚು ಅಗಲ 60 ಇಂಚು ಉದ್ದದ ಹಾಳೆಯ ಮೇಲೆ ಮುದ್ರಿಸಿದ್ದು.

ಮರುತಿಂಗಳೇ ಜೊನಾಥನ್ ಸೋಬೆಲ್ ಎಂಬ ಸಂಗ್ರಾಹಕ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಬಳಿ ಎಗಲ್‌ಸ್ಟನ್ ಅವರ ಸುಮಾರು 190 ಕೃತಿಗಳಿದ್ದವು. ಅದೇ ಟ್ರೈಸಿಕಲ್ಲಿನ ಹಳೆಯ ಪ್ರತಿಯೂ ಇತ್ತು. ಡೈ ಟ್ರಾನ್ಸ್‌ಫರ್ ಎಂಬ ವಿಧಾನದಲ್ಲಿ ಮುದ್ರಿಸಿ ಸಂಖ್ಯೆ ಹಾಕಿದ, ‘ಸೀಮಿತ ಆವೃತ್ತಿ’ ಎಂದು ಮಾರಾಟವಾಗಿದ್ದ ಪ್ರತಿ ಅದು. ಅದಕ್ಕೆ ಅವರು ಕೊಟ್ಟಿದ್ದು ಎರಡೂವರೆ ಲಕ್ಷ ಡಾಲರ್. ಇಷ್ಟೇ ಪ್ರತಿ ಎಂದು ಹೇಳಿ ಮಾರಿದ ಮೇಲೆ ಅದೇ ಚಿತ್ರವನ್ನು ಮತ್ತೆ ಮುದ್ರಿಸಿ ಮಾರಿದ್ದಾರೆ, ನನ್ನ ಪ್ರತಿಯ ಬೆಲೆ ಕುಸಿದಿದೆ ಎಂಬುದು ದಾವೆಯ ತಿರುಳು.

ಮೇಲ್ನೋಟಕ್ಕೆ ಇದು ಶ್ರೀಮಂತರ ಜಗಳ. ಆದರೆ ಇದರೊಳಗೆ ಬೇರೆ ಪ್ರಶ್ನೆಯೊಂದಿದೆ. ಫೋಟೋ ಕೊಂಡವನು ಕೊಳ್ಳುವುದು ಏನನ್ನು? ಚಿತ್ರವನ್ನೇ, ಅಥವಾ ಚಿತ್ರ ಮೂಡಿರುವ ಹಾಳೆಯನ್ನೇ? ಎಗಲ್‌ಸ್ಟನ್ ಬದುಕನ್ನು ಬಿಟ್ಟು ಇದಕ್ಕೆ ಉತ್ತರ ಹುಡುಕಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಅವರನ್ನು ಕಲಾವಿದ ಎಂದು ಜಗತ್ತು ಒಪ್ಪಿದ್ದರಲ್ಲಿ ಅವರು ಆರಿಸಿಕೊಂಡ ಮುದ್ರಣ ವಿಧಾನಕ್ಕೂ ದೊಡ್ಡ ಪಾಲಿತ್ತು.

ಹತ್ತಿಯ ಸೀಮೆಯಿಂದ

ಎಗಲ್‌ಸ್ಟನ್ 1939ರಲ್ಲಿ ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಹುಟ್ಟಿದರು. ಬೆಳೆದದ್ದು ಮಿಸಿಸಿಪಿಯ ಸಮ್ನರ್ ಎಂಬ ಸಣ್ಣ ಊರಿನಲ್ಲಿ. ಹತ್ತಿ ಬೆಳೆಯುವ ಸೀಮೆ, ಉಳ್ಳವರ ಮನೆತನ. ತಂದೆ ಎಂಜಿನಿಯರ್, ತಾಯಿ ಅಲ್ಲಿನ ಹೆಸರಾಂತ ನ್ಯಾಯಾಧೀಶರ ಮಗಳು. ವಾಂಡರ್‌ಬಿಲ್ಟ್, ಡೆಲ್ಟಾ ಸ್ಟೇಟ್, ಮಿಸಿಸಿಪಿ ವಿಶ್ವವಿದ್ಯಾಲಯ ಎಂದು ಮೂರು ಕಡೆ ಓದಿದರೂ ಎಲ್ಲೂ ಪದವಿ ಮುಗಿಸಲಿಲ್ಲ. ವಾಂಡರ್‌ಬಿಲ್ಟ್‌ನಲ್ಲಿದ್ದಾಗ ಗೆಳೆಯನೊಬ್ಬ ಲೈಕಾ ಕ್ಯಾಮೆರಾ ಕೊಟ್ಟ. ಆಮೇಲೆ ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸೋನ್ ಅವರ ಕಪ್ಪು ಬಿಳುಪು ಚಿತ್ರಗಳ ಪುಸ್ತಕ ತಲೆಗೆ ಹತ್ತಿತು. ಹೊಟ್ಟೆಪಾಡಿಗಾಗಿ ಮದುವೆ ಮನೆಯ ಫೋಟೋ ತೆಗೆಯಬೇಕಾದ ದರ್ದು ಇರಲಿಲ್ಲ. ಅವರ ಕಲೆಯ ಬಗ್ಗೆ ಬರೆಯುವವರು ಈ ಅನುಕೂಲವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಯಾರೂ ಕೊಳ್ಳದ ಚಿತ್ರಗಳನ್ನು ಹತ್ತು ವರ್ಷ ತೆಗೆಯುತ್ತಾ ಕೂರಲು ಮೊದಲು ಬೇಕಾದದ್ದು ಮನೆಯ ಕಡೆಯ ನೆಮ್ಮದಿ ಎನ್ನುವುದು ನನ್ನ ಅನಿಸಿಕೆ.

1965ರ ಹೊತ್ತಿಗೆ ಅವರು ಬಣ್ಣದ ಫಿಲ್ಮಿಗೆ ಹೊರಳಿದರು. ಸ್ನೇಹಿತನೊಬ್ಬ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದ ಫೋಟೋ ಲ್ಯಾಬಿಗೆ ಹೋಗಿ ಕೂರುತ್ತಿದ್ದರಂತೆ. ಜನಸಾಮಾನ್ಯರು ತೊಳೆಯಲು ಕೊಟ್ಟ ಹುಟ್ಟುಹಬ್ಬ, ಪ್ರವಾಸ, ಕಾರು, ನಾಯಿಗಳ ಚಿತ್ರಗಳು ಯಂತ್ರದಿಂದ ಒಂದರ ಹಿಂದೊಂದು ಉರುಳಿ ಬರುವುದನ್ನು ನೋಡುತ್ತಿದ್ದರು. ಮುಂದೆ ಅವರು ತೆಗೆದದ್ದೂ ಅಂಥವನ್ನೇ: ಫ್ರೀಜರಿನ ಒಳಭಾಗ, ಮಂಚದ ಕೆಳಗಿನ ಬೂಟುಗಳು, ಪೆಟ್ರೋಲ್ ಬಂಕು, ಖಾಲಿ ಬೀದಿ. ಒಂದು ವಸ್ತುವಿಗೆ ಒಂದೇ ಕ್ಲಿಕ್ ಎಂಬುದು ಅವರ ನೇಮ. ಎರಡು ಮೂರು ತೆಗೆದರೆ ಯಾವುದು ಚೆನ್ನ ಎಂದು ಆರಿಸುವ ಗೊಂದಲವೇ ಬೇಡ ಎನ್ನುತ್ತಿದ್ದರು. ಎರಡನೇ ಸಲ ತೆಗೆಯದ ಈ ಮನುಷ್ಯ ಎರಡನೇ ಸಲ ಮುದ್ರಿಸಿದ್ದಕ್ಕೆ ಕೋರ್ಟು ಕಾಣಬೇಕಾಯಿತು.

ಆ ಟ್ರೈಸಿಕಲ್ 1970ರ ಆಸುಪಾಸಿನದು, ಮೆಂಫಿಸ್‌ನ ಹೊರವಲಯದ ಬಡಾವಣೆಯಲ್ಲಿ ತೆಗೆದದ್ದು. ಕ್ಯಾಮೆರಾ ಬಹುತೇಕ ನೆಲಕ್ಕೆ ತಾಗಿದೆ. ಹಾಗಾಗಿ ತುಕ್ಕು ಹಿಡಿದ ಹ್ಯಾಂಡಲಿನ ಆ ಪುಟ್ಟ ಸೈಕಲ್ಲು ಹಿಂದಿನ ಮನೆಗಳಿಗಿಂತ ಎತ್ತರವಾಗಿ ಆಕಾಶಕ್ಕೆ ಚಾಚಿಕೊಂಡಿದೆ. ಗಾಲಿಗಳ ನಡುವಿನ ಸಂದಿಯಲ್ಲಿ ದೂರದ ಮನೆಯೊಂದರ ಮುಂದೆ ನಿಂತ ಕಾರು ಇಣುಕುತ್ತದೆ. ನೋಡುವವರ ಕಣ್ಣು ಮೂರು ವರ್ಷದ ಮಗುವಿನ ಎತ್ತರಕ್ಕೆ ಇಳಿಯುತ್ತದೆ. ಇದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ನಡೆಯುವುದಿಲ್ಲ.

ಬಣ್ಣಕ್ಕೆ ಬೆಲೆ ಬಂದ ಬಗೆ

1960ರ ದಶಕದ ಅಮೆರಿಕದಲ್ಲಿ ಬಣ್ಣದ ಫೋಟೋ ಎಂದರೆ ಜಾಹೀರಾತು, ಫ್ಯಾಷನ್ ಪತ್ರಿಕೆ, ಮನೆಯ ಆಲ್ಬಂ. ಕಲೆ ಎಂದರೆ ಕಪ್ಪು ಬಿಳುಪು. ವಾಕರ್ ಇವಾನ್ಸ್ ಅವರಂಥ ಹಿರಿಯ ಛಾಯಾಗ್ರಾಹಕರೇ 1969ರಲ್ಲಿ ಬಣ್ಣದ ಛಾಯಾಗ್ರಹಣವನ್ನು ಅಸಭ್ಯ ಎಂದು ತಳ್ಳಿಹಾಕಿದ್ದರು. ತಿರಸ್ಕಾರಕ್ಕೆ ರುಚಿಯೊಂದೇ ಕಾರಣವಲ್ಲ. ಆ ಕಾಲದ ಸಾಮಾನ್ಯ ಬಣ್ಣದ ಪ್ರಿಂಟುಗಳು ಬೇಗ ಮಾಸುತ್ತಿದ್ದವು. ವರ್ಷಗಳು ಕಳೆದಂತೆ ಕೆಂಪಗೋ ಹಳದಿಯೋ ಆಗಿಬಿಡುವ ವಸ್ತುವಿಗೆ ಸಂಗ್ರಹಾಲಯವಾಗಲಿ ಸಂಗ್ರಾಹಕರಾಗಲಿ ದೊಡ್ಡ ಹಣ ಸುರಿಯುವುದಾದರೂ ಹೇಗೆ?

1967ರಲ್ಲಿ ಎಗಲ್‌ಸ್ಟನ್ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಹೋಗಿ ಛಾಯಾಗ್ರಹಣ ವಿಭಾಗದ ಮುಖ್ಯಸ್ಥ ಜಾನ್ ಶಾರ್ಕೋವ್ಸ್ಕಿ ಅವರನ್ನು ಕಂಡರು. ಕೈಯಲ್ಲಿದ್ದದ್ದು ಒಂದು ಸೂಟ್‌ಕೇಸಿನ ತುಂಬ ಅಗ್ಗದ ಬಣ್ಣದ ಪ್ರಿಂಟುಗಳು. ಶಾರ್ಕೋವ್ಸ್ಕಿ ಮೆಚ್ಚಿದರು, ಆದರೆ ಪ್ರದರ್ಶನಕ್ಕೆ ಒಂಬತ್ತು ವರ್ಷ ಹಿಡಿಯಿತು.

ಆ ನಡುವಿನ ವರ್ಷಗಳಲ್ಲಿ ನಡೆದ ಒಂದು ಸಂಗತಿ ಈ ಪ್ರಕರಣದ ಬೇರು. 1970ರ ದಶಕದ ಆರಂಭದಲ್ಲಿ ಷಿಕಾಗೋದ ಒಂದು ಲ್ಯಾಬಿನ ದರಪಟ್ಟಿ ಎಗಲ್‌ಸ್ಟನ್ ಕಣ್ಣಿಗೆ ಬಿತ್ತು. ಎಲ್ಲಕ್ಕಿಂತ ಅಗ್ಗದ ಪ್ರಿಂಟಿನಿಂದ ಎಲ್ಲಕ್ಕಿಂತ ಉತ್ತಮವಾದದ್ದರವರೆಗೆ ದರಗಳಿದ್ದವು. ಕೊನೆಯಲ್ಲಿದ್ದದ್ದು ಡೈ ಟ್ರಾನ್ಸ್‌ಫರ್. ಅದನ್ನು ಬಳಸುತ್ತಿದ್ದವರು ಹೆಚ್ಚಾಗಿ ಜಾಹೀರಾತಿನವರು. ಮಾಡಿಸಿ ನೋಡಿದರು, ಆ ಬಣ್ಣಕ್ಕೆ ಸೋತುಹೋದರು.

ಡೈ ಟ್ರಾನ್ಸ್‌ಫರ್ ಕೆಲಸ ನಡೆಯುವುದು ಹೀಗೆ. ಮೂಲ ಚಿತ್ರವನ್ನು ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಮೂರು ಕಪ್ಪು ಬಿಳುಪು ನೆಗೆಟಿವ್‌ಗಳಾಗಿ ಬೇರ್ಪಡಿಸುತ್ತಾರೆ. ಒಂದೊಂದರಿಂದಲೂ ಪ್ರಿಂಟಿನಷ್ಟೇ ದೊಡ್ಡದಾದ ಒಂದು ಫಿಲ್ಮ್ ತಯಾರಾಗುತ್ತದೆ. ಅದರ ಮೇಲೆ ಜೆಲಟಿನ್ ಪದರ ಚಿತ್ರಕ್ಕೆ ತಕ್ಕಂತೆ ಉಬ್ಬಿ ತಗ್ಗಿ ನಿಲ್ಲುತ್ತದೆ. ದಪ್ಪಗಿರುವಲ್ಲಿ ಬಣ್ಣ ಹೆಚ್ಚು ಹೀರುತ್ತದೆ, ತೆಳುವಿದ್ದಲ್ಲಿ ಕಡಿಮೆ. ಈ ಮೂರನ್ನೂ ಕ್ರಮವಾಗಿ ಸಯಾನ್, ಮಜೆಂಟಾ, ಹಳದಿ ಬಣ್ಣದ ನೀರಿನಲ್ಲಿ ನೆನೆಸಿ, ಒಂದರ ನಂತರ ಒಂದನ್ನು ಒಂದೇ ಕಾಗದದ ಮೇಲೆ ಉರುಳೆಯಿಂದ ಒತ್ತುತ್ತಾರೆ. ಬಟ್ಟೆಗೆ ಮರದ ಅಚ್ಚಿನಿಂದ ಬಣ್ಣ ಬಣ್ಣವಾಗಿ ಒತ್ತುವ ಕೆಲಸಕ್ಕೆ ಇದು ಹತ್ತಿರ. ಕೂದಲೆಳೆಯಷ್ಟು ಜರುಗಿದರೂ ಪ್ರಿಂಟು ಹಾಳು. ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದಾದ್ದರಿಂದ ಕೆಂಪು ನಿಜಕ್ಕೂ ಕೆಂಪಾಗಿರುತ್ತದೆ. ಕತ್ತಲಲ್ಲಿ ಜೋಪಾನವಾಗಿಟ್ಟರೆ ಬಣ್ಣ ಬಹುಕಾಲ ಮಾಸದು.

ಮಿಸಿಸಿಪಿಯ ಗ್ರೀನ್‌ವುಡ್‌ನಲ್ಲಿ 1973ರಲ್ಲಿ ಸ್ನೇಹಿತರೊಬ್ಬರ ಮನೆಯ ಕೆಂಪು ಚಾವಣಿಯನ್ನು ತೆಗೆದ ಚಿತ್ರ ಈ ವಿಧಾನದ ಶಕ್ತಿಗೆ ಸಾಕ್ಷಿ. ನಡುವೆ ಬರಿಯ ಬಲ್ಬು, ಅದರಿಂದ ಮೂರು ದಿಕ್ಕಿಗೆ ಹರಿದ ಬಿಳಿಯ ವೈರುಗಳು, ಉಳಿದದ್ದೆಲ್ಲ ಕೆಂಪು. ಪುಸ್ತಕದ ಪುಟದಲ್ಲಿ ಆ ಕೆಂಪು ತಮಗೆ ತೃಪ್ತಿಯಾಗುವಂತೆ ಬಂದದ್ದನ್ನು ಎಂದೂ ನೋಡಿಲ್ಲ ಎಂದು ಎಗಲ್‌ಸ್ಟನ್ ಹೇಳುತ್ತಿದ್ದರು. ಡೈ ಟ್ರಾನ್ಸ್‌ಫರ್‌ನಲ್ಲಿ ಮಾತ್ರ ಅದು ಗೋಡೆಯ ಮೇಲಿನ ಹಸಿ ನೆತ್ತರಿನಂತಿದೆ ಎಂಬುದು ಅವರದೇ ಹೋಲಿಕೆ. ಅಂದರೆ ಚಿತ್ರವೂ ಹಾಳೆಯೂ ಬೇರೆ ಬೇರೆಯಲ್ಲ ಎಂದು ಮೊದಲು ಹೇಳಿದವರು ಸ್ವತಃ ಕಲಾವಿದರೇ. ಸೋಬೆಲ್ ಅವರಂಥ ಕೊಳ್ಳುಗರು ಇದನ್ನು ನಂಬಿಯೇ ದುಡ್ಡು ಕೊಟ್ಟದ್ದು.

1976ರ ಮೇ ತಿಂಗಳಲ್ಲಿ ಕೊನೆಗೂ ಪ್ರದರ್ಶನ ತೆರೆಯಿತು. 75 ಡೈ ಟ್ರಾನ್ಸ್‌ಫರ್ ಪ್ರಿಂಟುಗಳು. ಜೊತೆಗೆ 48 ಚಿತ್ರಗಳ ಪುಸ್ತಕ, ಮುಖಪುಟದಲ್ಲಿ ಟ್ರೈಸಿಕಲ್. ಆ ಮ್ಯೂಸಿಯಂನ ಮೊದಲ ಬಣ್ಣದ ಪ್ರದರ್ಶನ ಇದೇ ಎಂದು ಇಂದಿಗೂ ಬರೆಯುವವರಿದ್ದಾರೆ. ಅದು ತಪ್ಪು. ಅರ್ನ್ಸ್ಟ್ ಹಾಸ್ ಅವರ ಬಣ್ಣದ ಚಿತ್ರಗಳು ಅಲ್ಲಿ 1962ರಲ್ಲೇ ಕಂಡಿದ್ದವು, ಹೆಲೆನ್ ಲೆವಿಟ್ ಅವರ ಬಣ್ಣದ ಸ್ಲೈಡುಗಳು 1974ರಲ್ಲಿ. ಗಲಾಟೆ ಎದ್ದದ್ದು ಮಾತ್ರ ಎಗಲ್‌ಸ್ಟನ್ ಅವರದಕ್ಕೆ. ಶಾರ್ಕೋವ್ಸ್ಕಿ ಈ ಚಿತ್ರಗಳನ್ನು ಪರಿಪೂರ್ಣ ಎಂದು ಕರೆದಿದ್ದರು. ‘ನ್ಯೂಯಾರ್ಕ್ ಟೈಮ್ಸ್’ನ ವಿಮರ್ಶಕ ಹಿಲ್ಟನ್ ಕ್ರೇಮರ್ ಅದೇ ಮಾತನ್ನು ಹಿಡಿದು, ಪರಿಪೂರ್ಣವಾಗಿ ಸಪ್ಪೆ ಇರಬಹುದು, ಪರಿಪೂರ್ಣವಾಗಿ ಬೇಸರ ಹುಟ್ಟಿಸುವುದಂತೂ ಖಚಿತ ಎಂದು ಕುಟುಕಿದರು. ಕಪ್ಪು ಬಿಳುಪು ಛಾಯಾಗ್ರಹಣದ ದೊಡ್ಡ ಹೆಸರು ಆನ್ಸೆಲ್ ಆಡಮ್ಸ್ ಶಾರ್ಕೋವ್ಸ್ಕಿ ಅವರಿಗೆ ಅಸಮಾಧಾನದ ಪತ್ರ ಬರೆದರು. ಮುಂದಿನ ದಶಕಗಳಲ್ಲಿ ಗಾಳಿ ತಿರುಗಿತು. 1998ರಲ್ಲಿ ಹಾಸೆಲ್‌ಬ್ಲಾಡ್ ಪ್ರಶಸ್ತಿ, 2008ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ದೊಡ್ಡ ಸಿಂಹಾವಲೋಕನ ಪ್ರದರ್ಶನ. ಬಣ್ಣದ ಕಲಾ ಛಾಯಾಗ್ರಹಣದ ಮಾತು ಬಂದರೆ ಅವರ ಹೆಸರಿನಿಂದಲೇ ಶುರುವಾಗುವಂತಾಯಿತು.

ಸಂಖ್ಯೆ ಹಾಕುವ ಪದ್ಧತಿ

ನೆಗೆಟಿವ್ ಒಂದಿದ್ದರೆ ಪ್ರಿಂಟು ಎಷ್ಟು ಬೇಕಾದರೂ ತೆಗೆಯಬಹುದು. ಫೋಟೋವನ್ನು ಕಲಾಕೃತಿಯಾಗಿ ಮಾರುವವರಿಗೆ ಇದೇ ತಲೆನೋವು. ಆಡಮ್ಸ್ ಅವರನ್ನೇ ನೋಡಿ. ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ ದೃಶ್ಯವನ್ನು 1941ರಲ್ಲಿ ಒಂದೇ ಒಂದು ನೆಗೆಟಿವ್‌ನಲ್ಲಿ ಹಿಡಿದರು. ಮುಂದಿನ ದಶಕಗಳಲ್ಲಿ ಅದರಿಂದ 1,300ಕ್ಕೂ ಹೆಚ್ಚು ಪ್ರಿಂಟು ಹೊರಬಿದ್ದವು. ಮೊದಮೊದಲ ಪ್ರಿಂಟುಗಳಲ್ಲಿ ಮೋಡ ತುಂಬಿದ ಆಕಾಶ, ನಂತರದವುಗಳಲ್ಲಿ ಬಹುತೇಕ ಕಗ್ಗಪ್ಪು. ಸಂಖ್ಯೆಯ ಮಿತಿ ಎಂಬುದೇ ಇರಲಿಲ್ಲ. ಕೊನೆಗೆ 1975ರ ಬಳಿಕ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ ಎಂದು ಅವರು ಸಾರಿದಾಗ ವ್ಯಾಪಾರಿಗಳು ಮುಗಿಬಿದ್ದರು. ಇನ್ನೊಬ್ಬ ಅಮೆರಿಕನ್ ಛಾಯಾಗ್ರಾಹಕ ಬ್ರೆಟ್ ವೆಸ್ಟನ್ ಇನ್ನೂ ಮುಂದೆ ಹೋಗಿ 1991ರಲ್ಲಿ ತಮ್ಮ 80ನೇ ಹುಟ್ಟುಹಬ್ಬದಂದು ತಮ್ಮ ನೆಗೆಟಿವ್‌ಗಳನ್ನು ಬೆಂಕಿಗೆ ಹಾಕಿದರು. ಮಾರುಕಟ್ಟೆಗೆ ಒಗ್ಗಿದ್ದು ಇವೆರಡಕ್ಕಿಂತ ಸೌಮ್ಯವಾದ ದಾರಿ: ಇಷ್ಟೇ ಪ್ರತಿ ಎಂದು ಮೊದಲೇ ಹೇಳಿ, ಪ್ರತಿಯೊಂದರ ಮೇಲೂ ಸಂಖ್ಯೆ ಹಾಕುವುದು. ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ), ಎಚ್ಚಿಂಗ್ (ಆಮ್ಲದಿಂದ ಕೊರೆದ ಲೋಹದ ತಟ್ಟೆಯಿಂದ ಒತ್ತಿದ ಚಿತ್ರ) ಮಾರುವವರಿಂದ ಬಂದ ರೂಢಿ ಇದು. ಎಚ್ಚಿಂಗ್‌ನ ತಾಮ್ರದ ತಟ್ಟೆ ಒತ್ತಿ ಒತ್ತಿ ಸವೆಯುತ್ತದೆ, ಮಿತಿಗೆ ಅಲ್ಲೊಂದು ಭೌತಿಕ ಕಾರಣವಿದೆ. ನೆಗೆಟಿವ್ ಹಾಗೆ ಸವೆಯದು. ಇಲ್ಲಿ ಮಿತಿ ಎಂದರೆ ಬರಿಯ ಮಾತು.

ಆ ಮಾತಿಗೆ ಕಾನೂನಿನ ಬಲ ಕೊಡಲು ನ್ಯೂಯಾರ್ಕ್ ರಾಜ್ಯದಲ್ಲಿ ಕಲೆ ಮತ್ತು ಸಂಸ್ಕೃತಿ ವ್ಯವಹಾರಗಳ ಕಾಯ್ದೆಯಿದೆ. ಒಂದೇ ಮೂಲದಿಂದ ಹಲವು ಪ್ರತಿ ತೆಗೆದ ಕೃತಿ ಮಾರುವಾಗ ಕಲಾವಿದ ಯಾರು, ವಿಧಾನ ಯಾವುದು, ಆವೃತ್ತಿ ಸೀಮಿತವೇ, ಎಷ್ಟು ಪ್ರತಿ ಎಂಬುದನ್ನೆಲ್ಲ ಕೊಳ್ಳುವವರಿಗೆ ತಿಳಿಸಬೇಕು. ಸೀಮಿತ ಆವೃತ್ತಿಗೆ ಅದರಲ್ಲಿ ಕೊಟ್ಟಿರುವ ವ್ಯಾಖ್ಯೆಯ ಪ್ರಕಾರ ಅವೆಲ್ಲ ಒಂದೇ ಮೂಲದಿಂದ ಬಂದ, ಒಂದೇ ಚಿತ್ರದ, ಗರಿಷ್ಠ ಸಂಖ್ಯೆ ನಿಗದಿಯಾದ ಪ್ರತಿಗಳು.

ಸೋಬೆಲ್ ವಾದ ನಿಂತದ್ದು ‘ಒಂದೇ ಚಿತ್ರ’ ಎಂಬುದರ ಮೇಲೆ. ಟ್ರೈಸಿಕಲ್ ಅದೇ, ನೆಗೆಟಿವ್ ಅದೇ. ಹಾಗಿದ್ದ ಮೇಲೆ ಹೊಸ ಪ್ರತಿ ಎಷ್ಟೇ ದೊಡ್ಡದಿರಲಿ, ಯಾವ ಶಾಯಿಯಲ್ಲೇ ಇರಲಿ, ಒಟ್ಟು ಸಂಖ್ಯೆ ಮಾತು ಕೊಟ್ಟ ಮಿತಿಯನ್ನು ಮೀರಿದಂತಾಯಿತಲ್ಲ. ಹರಾಜಿನಲ್ಲಿದ್ದ ಚಿತ್ರಗಳಲ್ಲಿ ಕೆಲವು ಅವರ ಸಂಗ್ರಹದಲ್ಲೂ ಇದ್ದವು. ಕಾಯ್ದೆ ಉಲ್ಲಂಘನೆಯ ಜೊತೆಗೆ, ತಮ್ಮ ನಷ್ಟದಲ್ಲಿ ಎಗಲ್‌ಸ್ಟನ್ ಅನ್ಯಾಯವಾಗಿ ಲಾಭ ಮಾಡಿಕೊಂಡರು ಎಂಬ ಆರೋಪವನ್ನೂ ಸೇರಿಸಿದರು. ಪ್ರತಿವಾದಿಗಳಾಗಿದ್ದವರು ಎಗಲ್‌ಸ್ಟನ್ ಮತ್ತು ಅವರ ಕೃತಿಗಳನ್ನು ನೋಡಿಕೊಳ್ಳುವ ಟ್ರಸ್ಟ್. ಹರಾಜಿನ ಹಣ ಹೋದದ್ದೂ ಆ ಟ್ರಸ್ಟಿಗೇ.

2013ರ ಮಾರ್ಚ್‌ನಲ್ಲಿ ನ್ಯಾಯಾಧೀಶೆ ಡೆಬೊರಾ ಬ್ಯಾಟ್ಸ್ ದಾವೆಯನ್ನು ವಿಚಾರಣೆಯ ಹಂತಕ್ಕೂ ಹೋಗಗೊಡದೆ ವಜಾ ಮಾಡಿದರು. ಹಳೆಯವೂ ಹೊಸವೂ ಒಂದೇ ಚಿತ್ರದಿಂದ ಬಂದಿದ್ದರೂ ಅಳತೆ ಬೇರೆ, ಸ್ವರೂಪ ಬೇರೆ, ಮುದ್ರಣ ವಿಧಾನ ಬೇರೆ. ಆದ್ದರಿಂದ ಹೊಸದು ಹೊಸ ಆವೃತ್ತಿಯೇ ಎಂದರು. ಎಗಲ್‌ಸ್ಟನ್ ಅದೇ ಡೈ ಟ್ರಾನ್ಸ್‌ಫರ್ ವಿಧಾನದಲ್ಲಿ ಇನ್ನಷ್ಟು ತೆಗೆದು ಹಳೆಯ ಆವೃತ್ತಿಗೇ ಸೇರಿಸಿ ಮಾರಿದ್ದರೆ ಹೊಣೆಗಾರರಾಗುತ್ತಿದ್ದರು. ಅವರು ಹಾಗೆ ಮಾಡಿರಲಿಲ್ಲ. ಅನ್ಯಾಯದ ಲಾಭದ ವಾದವೂ ನಿಲ್ಲಲಿಲ್ಲ.

ತೀರ್ಪು ಮುಟ್ಟದ ಜಾಗ

ತೀರ್ಪು ಸರಿ ಎಂದೇ ನನ್ನ ಎಣಿಕೆ. ಸೋಬೆಲ್ ಗೆದ್ದಿದ್ದರೆ 1970ರ ದಶಕದಲ್ಲಿ ಕೆಲವು ನೂರು ಡಾಲರಿಗೆ ಹತ್ತು ಹದಿನೈದು ಸಣ್ಣ ಪ್ರಿಂಟು ಮಾರಿದ್ದ ಪ್ರತಿ ಛಾಯಾಗ್ರಾಹಕರೂ ಆ ನೆಗೆಟಿವ್‌ಗೆ ಶಾಶ್ವತವಾಗಿ ಬೀಗ ಹಾಕಬೇಕಾಗುತ್ತಿತ್ತು. ಕಾಯ್ದೆ ಕೇಳುವುದು ಮಾರುವ ಹೊತ್ತಿನಲ್ಲಿ ನಿಜ ಹೇಳಬೇಕೆಂದು. ಇಷ್ಟು ಡೈ ಟ್ರಾನ್ಸ್‌ಫರ್ ಪ್ರತಿ ಎಂದು ಹೇಳಿದ್ದರು, ಅಷ್ಟೇ ಇದ್ದವು. ಒಂದೇ ಚಿತ್ರವನ್ನು ಸಣ್ಣ ಅಳತೆಯಲ್ಲಿ ಒಂದು ಆವೃತ್ತಿ, ದೊಡ್ಡ ಅಳತೆಯಲ್ಲಿ ಇನ್ನೊಂದು ಎಂದು ಮಾರುವುದು ಗ್ಯಾಲರಿಗಳಲ್ಲಿ ಅದಾಗಲೇ ರೂಢಿಯಾಗಿತ್ತು. 190 ಕೃತಿ ಕೂಡಿಟ್ಟವರಿಗೆ ಅದು ಗೊತ್ತಿರಲಿಲ್ಲ ಎನ್ನುವುದು ಕಷ್ಟ.

ಆದರೂ ಸೋಬೆಲ್ ಅವರ ಸಿಟ್ಟನ್ನು ದುರಾಸೆ ಎಂದು ಬದಿಗೆ ತಳ್ಳಲು ಮನಸ್ಸು ಒಪ್ಪುವುದಿಲ್ಲ. ಡೈ ಟ್ರಾನ್ಸ್‌ಫರ್ ಇಲ್ಲದೆ ಈ ಚಿತ್ರಗಳು ಚಿತ್ರಗಳೇ ಅಲ್ಲ ಎಂಬ ಭಾವನೆಯನ್ನು ನಲವತ್ತು ವರ್ಷ ಬೆಳೆಸಿದವರು ಕಲಾವಿದ, ಮ್ಯೂಸಿಯಂ, ಗ್ಯಾಲರಿಗಳು. 44 ಇಂಚಿನ ಡಿಜಿಟಲ್ ಪ್ರಿಂಟುಗಳು ಬಂದ ದಿನ ಆ ಭಾವನೆ ಸಡಿಲವಾಯಿತು. ಆ ಹರಾಜನ್ನು ಕ್ರಿಸ್ಟೀಸ್ ಛಾಯಾಚಿತ್ರ ಕೊಳ್ಳುವವರಿಗಿಂತ ಹೆಚ್ಚಾಗಿ ಸಮಕಾಲೀನ ಕಲೆ ಕೊಳ್ಳುವವರ ಮುಂದಿಟ್ಟಿತ್ತು. ಆ ಜನರ ಗೋಡೆಗಳು ದೊಡ್ಡವು, ದುಡ್ಡೂ ದೊಡ್ಡದು. ಪೇಂಟಿಂಗ್ ಪಕ್ಕದಲ್ಲಿ ಫೋಟೋ ತೂಗಬೇಕೆಂದರೆ ಅದು ಪೇಂಟಿಂಗಿನ ಅಳತೆಗೆ ಬೆಳೆಯಬೇಕು. ಸಣ್ಣ ಹಾಳೆಯ ಹಳೆಯ ಪ್ರಿಂಟು ಈಗ ಹಳೆಯ ಕೋಣೆಯ ವಸ್ತುವಾಯಿತು. ಅದರ ಬೆಲೆ ನಿಜಕ್ಕೂ ಇಳಿಯಿತೇ ಎಂಬುದನ್ನು ದಾವೆ ಎಂದೂ ಅಳೆಯಬೇಕಾಗಿ ಬರಲಿಲ್ಲ. ಚಿತ್ರ ಇನ್ನಷ್ಟು ಪ್ರಸಿದ್ಧವಾಗಿ ಮೂಲ ಪ್ರಿಂಟಿನ ಬೆಲೆಯೇ ಏರಬಹುದು ಎಂಬ ಎದುರುವಾದಕ್ಕೂ ಅಷ್ಟೇ ತೂಕವಿದೆ.

ತೀರ್ಪು ಮುಟ್ಟದೆ ಬಿಟ್ಟ ಜಾಗವೊಂದಿದೆ. ಈ ಪ್ರಕರಣದಲ್ಲಿ ಅಳತೆ, ವಿಧಾನ, ಸ್ವರೂಪ ಮೂರೂ ಬದಲಾಗಿದ್ದವು, ಹಾಗಾಗಿ ಉತ್ತರ ಸಲೀಸು. ಅಳತೆ ಅದೇ ಉಳಿದು, ಶಾಯಿ ಮಾತ್ರ ಬದಲಾಗಿ, ನೋಡಲು ಥೇಟ್ ಹಳೆಯದರಂತೆಯೇ ಇದ್ದರೆ? ಅಥವಾ ಅದೇ ವಿಧಾನ, ಎರಡು ಇಂಚು ಹೆಚ್ಚು ಅಗಲ? ಹೊಸ ಆವೃತ್ತಿ ಎನ್ನಲು ಎಷ್ಟು ವ್ಯತ್ಯಾಸ ಸಾಕು? ಇದಕ್ಕೆ ಗೆರೆ ಎಳೆಯುವ ಪ್ರಮೇಯ ಆ ನ್ಯಾಯಾಲಯಕ್ಕೆ ಬರಲಿಲ್ಲ. ತಂತ್ರಜ್ಞಾನ ಹತ್ತು ವರ್ಷಕ್ಕೊಮ್ಮೆ ಬದಲಾಗುವಾಗ, ವಿಧಾನ ಬದಲಾದರೆ ಆವೃತ್ತಿಯೂ ಹೊಸದು ಎಂಬ ಸೂತ್ರ ಬಲ್ಲ ಮಾರಾಟಗಾರನಿಗೆ ಅಗಲವಾದ ಬಾಗಿಲನ್ನೇ ತೆರೆದಿಟ್ಟಿದೆ. ಹಾಗಾಗಿ ದುಡ್ಡು ಎಣಿಸುವ ಮೊದಲು ಕೇಳಬೇಕಾದದ್ದು ‘ಎಷ್ಟು ಪ್ರತಿ’ ಎಂದಷ್ಟೇ ಅಲ್ಲ. ಎಲ್ಲ ಅಳತೆ, ಎಲ್ಲ ವಿಧಾನ ಸೇರಿ ಎಷ್ಟು, ಕಲಾವಿದ ತನಗೆಂದು ಇಟ್ಟುಕೊಳ್ಳುವ ಪ್ರತಿಗಳೆಷ್ಟು, ಮುಂದೆ ಬೇರೆ ರೂಪದಲ್ಲಿ ಮುದ್ರಿಸುವ ಹಕ್ಕು ಯಾರದು ಎಂಬುದನ್ನೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು.

ಡೈ ಟ್ರಾನ್ಸ್‌ಫರ್‌ಗೆ ಮಾತ್ರ ಈಗ ನಿಜವಾದ ಮಿತಿಯೇ ಬಂದಿದೆ. ಅದಕ್ಕೆ ಬೇಕಾದ ಸಾಮಗ್ರಿ ತಯಾರಿಸುವುದನ್ನು ಕೊಡಾಕ್ 1990ರ ದಶಕದಲ್ಲಿ ನಿಲ್ಲಿಸಿತು. ಕೆಲವೇ ಕುಶಲಿಗರು ಆಗ ಕೂಡಿಟ್ಟುಕೊಂಡ ದಾಸ್ತಾನಿನಲ್ಲಿ ಕೆಲಸ ಮುಂದುವರಿಸಿದರು. ಗೈ ಸ್ಟ್ರಿಚರ್ಜ್ ಮತ್ತು ಐರೀನ್ ಮಾಲಿ ದಂಪತಿ ಎಗಲ್‌ಸ್ಟನ್ ಅವರಿಗಾಗಿ ಮುದ್ರಿಸಿದ ಕೊನೆಯ ಡೈ ಟ್ರಾನ್ಸ್‌ಫರ್‌ಗಳು 2024ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಡೇವಿಡ್ ಜ್ವಿರ್ನರ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡವು. ಕೊನೆಯವು ಎಂಬುದನ್ನು ಪ್ರದರ್ಶನದ ಹೆಸರಿನಲ್ಲೇ ಸಾರಲಾಗಿತ್ತು. ಆ ಚಿತ್ರಗಳನ್ನು ಮುಂದೊಂದು ದಿನ ಪಿಗ್ಮೆಂಟ್ ಶಾಯಿಯಲ್ಲಿ ದೊಡ್ಡದಾಗಿ ಮುದ್ರಿಸಿ ಮಾರಬಾರದು ಎಂದು 2013ರ ತೀರ್ಪು ಎಲ್ಲೂ ಹೇಳಿಲ್ಲ.